ಮನೆ ಕಟ್ಟಿಸುವಾಗ ಪ್ರಾಜೆಕ್ಟ್ ಮ್ಯಾನೇಜರ್ ಯಾವಾಗ ಬೇಕು?

ಒಬ್ಬರೇ ಕಂಟ್ರಾಕ್ಟರ್ ಎಲ್ಲ ಕೆಲಸ ವಹಿಸಿಕೊಂಡಿದ್ದು, ನೀವೂ ದಿನಾ ಸೈಟಿಗೆ ಹೋಗಿಬರುವಂತಿದ್ದರೆ ಮ್ಯಾನೇಜರ್ ಸುಮ್ನೆ ಖರ್ಚು. ಆದರೆ ಗಾರೆ, ಪ್ಲಂಬಿಂಗ್, ವೈರಿಂಗ್, ಬಡಗಿ ಕೆಲಸ ಬೇರೆ ಬೇರೆಯವರಿಗೆ ಕೊಟ್ಟಿದ್ದರೆ ಕಥೆಯೇ ಬೇರೆ. ವೈರಿಂಗ್ ಪೈಪು ಕೂರಿಸುವ ಮೊದಲೇ ಗೋಡೆಗೆ ಪ್ಲಾಸ್ಟರ್ ಆಗಿಬಿಟ್ಟರೆ ಮತ್ತೆ ಒಡೆಯಬೇಕು. ಆ ದುಡ್ಡು ಯಾರು ಕೊಡಬೇಕು ಅಂತ ಜಗಳ ಬೇರೆ! ಯಾರ ನಂತರ ಯಾರು ಬರಬೇಕು, ಸಾಮಾನು ಯಾವಾಗ ತರಿಸಬೇಕು, ಬಿಲ್ಲಿಗೆ ತಕ್ಕಷ್ಟು ಕೆಲಸ ಆಗಿದೆಯಾ ಅಂತ ನೋಡುವವರೊಬ್ಬರು ಬೇಕಲ್ವಾ? ನೀವು ಸೈಟಿನಿಂದ ದೂರ ಇದ್ದರಂತೂ ಹಿಂದೆಮುಂದೆ ನೋಡಬೇಡಿ.

ಮ್ಯಾನೇಜರನ್ನು ಕರೆಯುವುದಾದರೆ ಕೊಟೇಶನ್ ಪಡೆಯುವ ಹಂತದಲ್ಲೇ ಕರೆಯಿರಿ. ಅರ್ಧ ಕೆಲಸ ಕೆಟ್ಟ ಮೇಲೆ ಬಂದವರು ಜಾಸ್ತಿ ಏನೂ ಮಾಡಲಾರರು. ಅವರು ಕಂಟ್ರಾಕ್ಟರ್ ಕಡೆಯವರಾಗಿರಬಾರದು. ಫೀಸು ನೇರವಾಗಿ ನಿಮ್ಮಿಂದಲೇ ಹೋಗಬೇಕು.