ಊರ ಹಣ್ಣಿನ ವೈನ್ ಕೊಳ್ಳುವಾಗ ನಾನು ನೋಡುವುದು

ಮಂಗಳೂರಿನಿಂದ ಹೊರಡುವವರ ಚೀಲದಲ್ಲಿ ಗೇರುಬೀಜ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಇದ್ದೇ ಇರುತ್ತವೆ. ಊರು ಮುಟ್ಟುವ ಹೊತ್ತಿಗೆ ಹಪ್ಪಳ ನಾಲ್ಕು ಚೂರಾಗಬಹುದು, ಅಷ್ಟೇ. ಹಣ್ಣಿನ ವೈನ್ ಮಾತ್ರ ದಾರಿಯಲ್ಲೇ ಬೇರೆ ವಸ್ತುವಾಗಿಬಿಡಬಲ್ಲದು. ಒಳಗೆ ಸಕ್ಕರೆ ಉಳಿದು, ಯೀಸ್ಟ್ ಜೀವಂತವಾಗಿದ್ದರೆ ಕಾರಿನ ಡಿಕ್ಕಿಯ ಬಿಸಿಗೆ ಅದು ಮತ್ತೆ ಹುದುಗಲು ಶುರು ಮಾಡುತ್ತದೆ. ಆದ್ದರಿಂದ ಕೌಂಟರಿನ ಮುಂದೆ ನಿಂತಾಗ ರುಚಿಗಿಂತ ಮೊದಲು ನಾನು ಯೋಚಿಸುವುದು ಈ ಬಾಟಲಿ ಮನೆಯವರೆಗೆ ಹೀಗೇ ಇರುತ್ತದೆಯೇ ಎಂದು.

ಲೆಕ್ಕ ಕಷ್ಟದ್ದಲ್ಲ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ಬಾಟಲಿಗೆ ಮುಚ್ಚಳ ಬಿಗಿದ ಮೇಲೆ ಲೀಟರಿಗೆ 4 ಗ್ರಾಂ ಹುದುಗಿದರೂ ಸಾಕು, ಹುಟ್ಟುವ ಗ್ಯಾಸಿನಿಂದ ಒಳಗೆ ಹೆಚ್ಚುಕಡಿಮೆ ಒಂದು ಅಟ್ಮಾಸ್ಫಿಯರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಒತ್ತಡ ಏರುತ್ತದೆ. ಸಿಹಿ ಹಣ್ಣಿನ ವೈನ್‌ನಲ್ಲಿ ಲೀಟರಿಗೆ 60 ಗ್ರಾಂ ಸಕ್ಕರೆ ಇರುವುದು ಅಪರೂಪವಲ್ಲ. ಅದರ ಮೂರನೇ ಒಂದು ಪಾಲು ಹುದುಗಿತೆಂದರೆ 5 ಅಟ್ಮಾಸ್ಫಿಯರ್. ಶಾಂಪೇನಿನ ದಪ್ಪ ಗಾಜು ಅದನ್ನು ತಡೆದೀತು. ತೊಳೆದು ಮರುಬಳಕೆ ಮಾಡಿದ ಹಳೆ ರಮ್ ಬಾಟಲಿ ತಡೆಯುವುದಿಲ್ಲ. ಮೊದಲು ಮುಚ್ಚಳದ ಸುತ್ತ ಅಂಟಂಟಾಗಿ ಜಿನುಗುತ್ತದೆ, ಆಮೇಲೆ ಬಟ್ಟೆಯೆಲ್ಲ ನೇರಳೆ ಬಣ್ಣ.

ನಮ್ಮ ಹಣ್ಣಿನ ವೈನ್ ಇಷ್ಟೊಂದು ಸಿಹಿ ಯಾಕೆ ಎಂದು ಹೊರಗಿನವರು ಕೇಳುವುದುಂಟು. ವೈನ್ ದ್ರಾಕ್ಷಿಯ ರಸದಲ್ಲಿ ಸಕ್ಕರೆ 20ರಿಂದ 24 ಬ್ರಿಕ್ಸ್, ಅಂದರೆ 100 ಗ್ರಾಂ ರಸಕ್ಕೆ ಸುಮಾರು ಅಷ್ಟು ಗ್ರಾಂ, ತಾನಾಗಿಯೇ ಇರುತ್ತದೆ. ನೇರಳೆ, ಗೇರುಹಣ್ಣುಗಳದ್ದು ಅದರ ಅರ್ಧದ ಆಸುಪಾಸು. ಶೇ. 10 ಆಲ್ಕೋಹಾಲ್ ಬೇಕೆಂದರೆ ಹೊರಗಿನಿಂದ ಸಕ್ಕರೆ ಸುರಿಯಲೇಬೇಕು. ಪುನರ್ಪುಳಿಯ (ಕೋಕಂ) ಹುಳಿಯಂತೂ ಕುಡಿಯಲಾರದಷ್ಟು, ಅದನ್ನು ತಗ್ಗಿಸಲು ಕೊನೆಯಲ್ಲಿ ಇನ್ನಷ್ಟು. ಹಲಸಿನ ತೊಳೆಯಲ್ಲಿ ಸಕ್ಕರೆ ಸಾಕಷ್ಟಿದೆ, ಆದರೆ ರಸ ಇಳಿಯುವುದಿಲ್ಲ, ನೀರು ಸೇರಿಸಿಯೇ ಹಿಂಡಬೇಕು. ಅಲ್ಲಿಗೆ ಮತ್ತೆ ಸಕ್ಕರೆಯ ಡಬ್ಬಕ್ಕೆ ಕೈ ಹೋಗುತ್ತದೆ.

ಎಲ್ಲಿ ಕೊಳ್ಳುವುದು ಎನ್ನುವುದರ ಬಗ್ಗೆ ಒಂದೇ ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ವೈನ್ ಮಾರುವಂತಿಲ್ಲ. ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಗಳ ತಟ್ಟೆಯ ಜೊತೆ ಪಕ್ಕದ ಮನೆಯವರು ಕೊಡುವ ಅರ್ಧ ಗ್ಲಾಸಿನ ಸೊಗಸೇ ಬೇರೆ, ಅದನ್ನು ಅಲ್ಲೇ ಕುಡಿದು ಮುಗಿಸಬೇಕು. ಗೋಧಿ, ಲವಂಗ, ಹುರಿದು ಕಂದಾಗಿಸಿದ ಸಕ್ಕರೆ ಹಾಕಿ 21 ದಿನ ಭರಣಿಯಲ್ಲಿಟ್ಟು ಸೋಸಿದ ಆ ವೈನ್‌ನಲ್ಲಿ ಯೀಸ್ಟ್ ಸತ್ತಿರುವುದಿಲ್ಲ, ನಿದ್ದೆಯಲ್ಲಿರುತ್ತದೆ. ಪ್ರಯಾಣಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಮಡಿಕೇರಿ ದಾರಿಯಲ್ಲಿ ಸಿಗುವ ಲೇಬಲ್ ಇಲ್ಲದ ಹೋಮ್‌ಮೇಡ್ ಬಾಟಲಿಗಳಿಗೂ ಇದೇ ಮಾತು. ಮಂಗಳೂರು, ಉಡುಪಿಯ ಲೈಸೆನ್ಸ್ ಇರುವ ಅಂಗಡಿಗಳಲ್ಲಿ ದ್ರಾಕ್ಷಿ ವೈನೇ ಜಾಸ್ತಿ. ಊರ ಹಣ್ಣಿನದ್ದು ಬೇಕಾದರೆ ಹೆಸರು ಹಿಡಿದೇ ಕೇಳಬೇಕು. ಉಡುಪಿ ರಥಬೀದಿಯಲ್ಲಿ ಹೋಗಿ ಪುನರ್ಪುಳಿ ಎಂದರೆ ಸಿಗುವುದು ಶರಬತ್ತು. ಅದೂ ಕೆಟ್ಟ ಖರೀದಿಯಲ್ಲ, ಆದರೆ ಕೆಂಪಗಿರುವ ಸಿಹಿ ಸಿರಪ್ಪನ್ನು ವೈನ್ ಎಂದುಕೊಂಡು ಕೊಳ್ಳುವವರಿದ್ದಾರೆ.

ಬಾಟಲಿ ಕೈಗೆ ಬಂದೊಡನೆ ಹಿಂದಿನ ಲೇಬಲ್ ತಿರುಗಿಸಿ. ತಯಾರಕರ ವಿಳಾಸ, ಬ್ಯಾಚ್, ಆಲ್ಕೋಹಾಲ್ ಶೇಕಡಾವಾರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇರಬೇಕು. ನನಗೆ ಇದಕ್ಕಿಂತ ಮುಖ್ಯವಾದದ್ದು ಸಣ್ಣಕ್ಷರದಲ್ಲಿರುವ ಐಎನ್‌ಎಸ್ ಸಂಖ್ಯೆಗಳು, ಅಂದರೆ ಒಳಗೆ ಸೇರಿಸಿದ ಸಂರಕ್ಷಕ, ಬಣ್ಣಗಳ ಗುರುತು. 220 ಅಥವಾ 224 ಎಂದಿದ್ದರೆ ಗಂಧಕದ ಸಂರಕ್ಷಕ, 202 ಎಂದಿದ್ದರೆ ಪೊಟ್ಯಾಸಿಯಂ ಸೋರ್ಬೇಟ್. ಸೋರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಮರಿ ಹಾಕದಂತೆ ತಡೆಯುತ್ತದೆ. ಸಿಹಿ ವೈನ್‌ನಲ್ಲಿ ಇವೆರಡೂ ಒಟ್ಟಿಗೆ ಇದ್ದರೆ ದೂರದ ದಾರಿಗೆ ಧೈರ್ಯವಾಗಿ ಕೊಳ್ಳುತ್ತೇನೆ. ಪಾಶ್ಚರೀಕರಿಸಿದ್ದು ಎಂದು ಬರೆದಿದ್ದರೂ ಆಗುತ್ತದೆ. ಸಿಹಿ ವೈನ್, ಮೂರೂ ಇಲ್ಲ, ಮೇಲಿಂದ 'ನ್ಯಾಚುರಲ್' ಎಂದು ದೊಡ್ಡಕ್ಷರದಲ್ಲಿ ಹೊಗಳಿಕೆ ಎಂದರೆ ನಾನು ಕೆಳಗಿಡುತ್ತೇನೆ. ಗಂಧಕದಿಂದ ಉಬ್ಬಸ ಕೆರಳುವವರು ಮನೆಯಲ್ಲಿದ್ದರೆ ಅವರಿಗೆ ಈ ವೈನ್ ಬೇಡ.

ಆಮೇಲೆ ಬೆಳಕಿಗೆ ಹಿಡಿದು ನೋಡುವುದು. ತಳದಲ್ಲಿ ತಿಳಿ ಬಣ್ಣದ, ಅಲ್ಲಾಡಿಸಿದರೆ ಹೊಗೆಯಂತೆ ಏಳುವ ಪುಡಿ ಯೀಸ್ಟಿನದ್ದು, ಬೇಡ. ನೇರಳೆ ವೈನ್‌ನಲ್ಲಿ ಗಾಜಿಗೆ ಅಂಟಿದ ಕಪ್ಪು ಚಕ್ಕೆ ಬಣ್ಣ ಮತ್ತು ಒಗರಿನ ಅಂಶವಾದ ಟ್ಯಾನಿನ್ ಸೇರಿ ಇಳಿದದ್ದು, ತೊಂದರೆಯಿಲ್ಲ. ಬಾಳೆ, ಹಲಸಿನ ವೈನ್ ಗಂಜಿ ತಿಳಿಯಂತೆ ಮಬ್ಬಾಗಿದ್ದರೆ ಅದು ಸಾಮಾನ್ಯವಾಗಿ ಪೆಕ್ಟಿನ್ ಎಂಬ ಹಣ್ಣಿನ ಅಂಟು, ನೋಟಕ್ಕಷ್ಟೇ ಕುಂದು. ಕಾರ್ಕ್ ಬಾಯಿಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬಂದಿದ್ದರೆ ಬಾಟಲಿ ಒಮ್ಮೆ ಕಾದಿದೆ ಎಂದರ್ಥ. ಕರಾವಳಿಯ ಅಂಗಡಿಯ ಶೋಕೇಸಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡಿ ನಿಂತದ್ದನ್ನು ಕೇಳಬೇಡಿ, ಒಳಗಿನ ರಟ್ಟಿನ ಪೆಟ್ಟಿಗೆಯಿಂದ ತೆಗೆಸಿ.

ರುಚಿ ನೋಡಲು ಬೆಳಿಗ್ಗೆ 11ರ ಹೊತ್ತು ಒಳ್ಳೆಯದು. ಬಂಗುಡೆ ಪುಳಿಮುಂಚಿ ಉಂಡು, ಎಲೆಯಡಿಕೆ ಜಗಿದು ಬಂದ ನಾಲಗೆಗೆ ಯಾವ ವೈನೂ ನೀರೇ. ನಡುನಡುವೆ ಬಾಯಿ ತೊಳೆಯಲು ಉಗುರುಬೆಚ್ಚಗಿನ ನೀರು, ಉಪ್ಪು ಹಾಕದ ಅರಳು ಸಾಕು. ಒಂದಕ್ಕೆ 30 ಮಿಲಿಗಿಂತ ಹೆಚ್ಚು ಹಾಕಿಸಿಕೊಳ್ಳುವುದಿಲ್ಲ. ಒಗರು ಕಡಿಮೆಯಿದ್ದು ಸಿಹಿಯಿಲ್ಲದ್ದು ಮೊದಲು, ಕಡು ಬಣ್ಣದ್ದು ಆಮೇಲೆ, ಶುಂಠಿ ಅಥವಾ ಮಸಾಲೆ ಹಾಕಿದ್ದು ಕೊಟ್ಟಕೊನೆಗೆ. ಆರು ಬಗೆಯನ್ನು ನುಂಗಿದರೆ 180 ಮಿಲಿ ಆಯಿತು, ಶೇ. 11ರ ಲೆಕ್ಕದಲ್ಲಿ ಸುಮಾರು 16 ಗ್ರಾಂ ಶುದ್ಧ ಆಲ್ಕೋಹಾಲ್. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಸಣ್ಣ ಮೈಕಟ್ಟಿನವರು ಈ ಆರರಲ್ಲೇ ಅದನ್ನು ದಾಟಿಬಿಡಬಹುದು. ಒಂದು ಸ್ಟೀಲ್ ಲೋಟ ಕೇಳಿ ಉಗುಳಿಬಿಡಿ, ಉಗುಳುವುದು ಮರ್ಯಾದೆಗೇಡಲ್ಲ. ಗಾಡಿಯ ಕೀಲಿಯನ್ನು ಬೇರೆಯವರಿಗೆ ಕೊಡುವುದು ಇನ್ನೂ ಒಳ್ಳೆಯದು.

ಅಂಗಡಿಯವರು ಫ್ರಿಜ್ಜಿನಿಂದ ತೆಗೆದು ತಣ್ಣಗೆ ಸುರಿಯುತ್ತಾರೆ. ತಣ್ಣಗಿದ್ದಾಗ ಸಿಹಿ ಕಡಿಮೆ ಅನಿಸುತ್ತದೆ, ಕೆಟ್ಟ ವಾಸನೆಯೂ ಮುದುರಿಕೊಂಡಿರುತ್ತದೆ. ಒಂದು ಗುಟುಕು ತೆಗೆದುಕೊಂಡು ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಏಳೆಂಟು ನಿಮಿಷ ಕಾಯಿರಿ, ಮತ್ತೆ ಮೂಸಿ. ಎರಡನೆಯ ಸಲದ ಮೂಗಿಗೆ ಸಿಕ್ಕಿದ್ದೇ ನಿಜ. ಮೊದಲಿಗೆ ಕಡ್ಡಿ ಗೀರಿದ ವಾಸನೆ ಬಂದು ಆಮೇಲೆ ಹೋದರೆ ಅದು ಗಂಧಕ, ತಪ್ಪಲ್ಲ. ವಿನೆಗರ್ ವಾಸನೆಯಾಗಲಿ, ನೈಲ್ ಪಾಲಿಶ್ ಒರೆಸುವ ದ್ರವದ ವಾಸನೆಯಾಗಲಿ ಬಂದರೆ ಹಣ್ಣು ಕೊಳೆತದ್ದಿರಬೇಕು ಅಥವಾ ಪೀಪಾಯಿಗೆ ಗಾಳಿ ಹೊಕ್ಕಿರಬೇಕು. ಜೆರೇನಿಯಂ ಎಲೆ ಹೊಸಕಿದಂಥ ವಾಸನೆ ಸೋರ್ಬೇಟ್ ಹಾಕಿದ ವೈನ್‌ಗೆ ಬ್ಯಾಕ್ಟೀರಿಯಾ ಹೊಕ್ಕಾಗ ಬರುವುದು, ಅದಕ್ಕೆ ಮದ್ದಿಲ್ಲ. ನಿಶ್ಚಲವಾಗಿರಬೇಕಾದ ವೈನ್ ನಾಲಗೆಯ ತುದಿಯಲ್ಲಿ ಸೋಡಾದಂತೆ ಚುಚ್ಚಿದರೆ, ಗ್ಲಾಸಿನ ಒಳಮೈಗೆ ಸಣ್ಣ ಗುಳ್ಳೆ ಸಾಲಾಗಿ ಅಂಟಿದ್ದರೆ ಮೇಲೆ ಹೇಳಿದ ಒತ್ತಡದ ಕಥೆ ಆಗಲೇ ಶುರುವಾಗಿದೆ.

ಹಲಸಿನ ವೈನ್ ಮೂಸುವಾಗ ಮಾತ್ರ ಅವಸರದ ತೀರ್ಪು ಬೇಡ. ಕಳಿತ ಬಾಳೆಹಣ್ಣಿನ, ಅನಾನಸಿನ ಗಾಢ ವಾಸನೆ ಹಲಸಿಗೆ ಹುಟ್ಟಿನಿಂದ ಬಂದದ್ದು. ದ್ರಾಕ್ಷಿ ವೈನ್ ಮಾತ್ರ ಗೊತ್ತಿರುವವರು ಇದನ್ನೇ ನೈಲ್ ಪಾಲಿಶ್ ಎಂದು ಬಗೆದು ಒಳ್ಳೆಯ ಬಾಟಲಿ ಬಿಟ್ಟುಬಿಡುತ್ತಾರೆ. ಗಟ್ಟಿ ತೊಳೆಯ ಬಕ್ಕೆ ಹಲಸಿನದ್ದಕ್ಕಿಂತ ಮೆತ್ತನೆ ತೊಳೆಯ ತುಳುವ ಹಲಸಿನದ್ದು ನನ್ನ ಮೂಗಿಗೆ ಹೆಚ್ಚು ಪರಿಮಳ. ಗೇರುಹಣ್ಣಿನದ್ದರಲ್ಲಿ ನೋಡಬೇಕಾದ್ದು ಗಂಟಲಿನ ಕೆರೆತ. ಹಿಂಡಿದ ರಸವನ್ನು ಜೆಲಾಟಿನ್ ಅಥವಾ ಸಾಬಕ್ಕಿ ಗಂಜಿ ಹಾಕಿ ತಿಳಿಗೊಳಿಸದಿದ್ದರೆ ಟ್ಯಾನಿನ್ ಉಳಿದು, ನುಂಗಿದ ಅರ್ಧ ನಿಮಿಷಕ್ಕೆ ಗಂಟಲು ಹಿಡಿದಂತಾಗುತ್ತದೆ. ಉದುರಿ ಒಂದು ದಿನ ಕಳೆದರೆ ಗೇರುಹಣ್ಣು ಹುಳಿತೇ ಹೋಗುತ್ತದೆ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದ್ದರೂ ಈ ಜಿಲ್ಲೆಯ ಹಣ್ಣಿನ ಬಹುಪಾಲು ಇಂದಿಗೂ ಮರದ ಬುಡದಲ್ಲೇ ಕೊಳೆಯುವುದಕ್ಕೆ ಅದೂ ಒಂದು ಕಾರಣ. ಅಂದಹಾಗೆ ಗೋವೆಯ ಫೆನಿಯನ್ನು ಗೇರುಹಣ್ಣಿನ ವೈನ್ ಎಂದು ಕೇಳುವವರಿದ್ದಾರೆ. ಅದು ಬಟ್ಟಿ ಇಳಿಸಿದ್ದು, ಶೇ. 42ರ ಆಸುಪಾಸಿನದ್ದು, 2009ರಿಂದ ಭೌಗೋಳಿಕ ಸೂಚಕದ ಮಾನ್ಯತೆ ಇರುವಂಥದ್ದು, ಪೂರಾ ಬೇರೆಯೇ ಜಾತಿ.

ಕೆಂಪು ವೈನ್‌ಗಳಿಗೆ ನನ್ನದೊಂದು ಪರೀಕ್ಷೆ ಇದೆ. ಜೇಬಿನಲ್ಲಿ ಕಾಗದದ ಪೊಟ್ಟಣದಲ್ಲಿ ಚಿಟಿಕೆ ಅಡುಗೆ ಸೋಡ ಇಟ್ಟುಕೊಂಡಿರುತ್ತೇನೆ. ಬಿಳಿ ತಟ್ಟೆಗೆ ಅರ್ಧ ಚಮಚ ಪುನರ್ಪುಳಿ ಅಥವಾ ನೇರಳೆ ವೈನ್ ಹಾಕಿ ಮೇಲೆ ಸೋಡ ಉದುರಿಸಿದರೆ ಬುಸ್ಸೆಂದು ನೊರೆ ಬರುತ್ತದೆ, ಹುಳಿಯಿದ್ದರೆ ಬರಲೇಬೇಕು. ನೊರೆ ಇಳಿದ ಮೇಲೆ ಬಣ್ಣ ನೋಡಬೇಕು. ಹಣ್ಣಿನದೇ ಬಣ್ಣವಾಗಿದ್ದರೆ ಕೆಂಪು ಓಡಿಹೋಗಿ ಮಾಸಲು ನೀಲಿ, ಇಲ್ಲವೇ ಹಸಿರುಗೂಡಿದ ಬೂದಿಗೆ ತಿರುಗುತ್ತದೆ. ಆಂಥೋಸಯನಿನ್ ಎಂಬ ಈ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಕೃತಕ ಕೆಂಪು ಏನೂ ಆಗದವರಂತೆ ಹಾಗೇ ಹೊಳೆಯುತ್ತಿರುತ್ತದೆ. ಬೀಟ್ರೂಟ್ ಸೇರಿಸಿದ್ದೂ ಸೋಡಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಆದರೆ ಲೇಬಲಿನಲ್ಲಿ ಬೀಟ್ರೂಟ್ ಎಂದು ಇರಬೇಕಲ್ಲ. ಕೆಂಪು ಹೋಗಿ ಮಣ್ಣಿನ ಕಂದು ಬಂದರೆ ವೈನ್ ಹಳತಾಗಿದೆ. ಪುನರ್ಪುಳಿ ಬಣ್ಣ ಬೆಳಕಿಗೆ ಬೇಗ ಸೋಲುತ್ತದೆ, ಬಾಟಲಿಂಗ್ ಆಗಿ ವರ್ಷ ದಾಟಿದ್ದನ್ನು ಬಿಳಿ ಗಾಜಿನಲ್ಲಿ ಕೊಳ್ಳುವುದೇ ಬೇಡ. ಪರೀಕ್ಷಿಸಿದ ಆ ಅರ್ಧ ಚಮಚವನ್ನು ಚೆಲ್ಲಿ.

ಕೊಂಡದ್ದನ್ನು ಒಯ್ಯುವ ವಿಚಾರ. ತುಂಬಿದ 750 ಮಿಲಿ ಬಾಟಲಿ ಸುಮಾರು ಒಂದೂಕಾಲು ಕಿಲೋ ತೂಗುತ್ತದೆ. ದೇಶದೊಳಗಿನ ವಿಮಾನದಲ್ಲಿ ಚೆಕ್-ಇನ್ ಚೀಲಕ್ಕೆ ಸಾಮಾನ್ಯವಾಗಿ 15 ಕಿಲೋ ಮಿತಿ ಇರುವುದರಿಂದ ಮೂರು ಬಾಟಲಿಗೆ ನಿಲ್ಲಿಸುವುದು ಜಾಣತನ. ಶೇ. 24ರವರೆಗಿನ ಆಲ್ಕೋಹಾಲ್‌ಗೆ ವಿಮಾನದ ಅಪಾಯಕಾರಿ ಸರಕಿನ ನಿಯಮದಲ್ಲಿ ಲೀಟರ್ ಮಿತಿ ಇಲ್ಲ, ಅದಕ್ಕಿಂತ ಕಡಕ್ಕಾಗಿದ್ದು ಶೇ. 70ರವರೆಗಿನದ್ದಕ್ಕೆ ತಲಾ 5 ಲೀಟರ್, ಅದೂ ಸೀಲ್ ಒಡೆಯದ ಬಾಟಲಿಯಲ್ಲಿ. ಕೈಚೀಲದಲ್ಲಿ ಇಡಬೇಡಿ. ರಾಜ್ಯಗಳ ಅಬಕಾರಿ ಮಿತಿ ಬೇರೆಯೇ ಸಂಗತಿ. ತಲಪಾಡಿ ದಾಟಿ ಕೇರಳಕ್ಕೋ ಮಾಜಾಳಿ ದಾಟಿ ಗೋವೆಗೋ ಹೋಗುವವರು ಅಲ್ಲಿನ ಮಿತಿ ವಿಚಾರಿಸಿ, ಬಿಲ್ಲನ್ನು ಬಾಟಲಿಯ ಜೊತೆಗೇ ಇಟ್ಟುಕೊಳ್ಳಿ. ಗುಜರಾತ್, ಬಿಹಾರಕ್ಕೆ ಒಯ್ಯಲೇಬೇಡಿ. ಬಜ್ಪೆ ವಿಮಾನ ನಿಲ್ದಾಣದಿಂದ ಸೌದಿಗೋ ಕುವೈತಿಗೋ ಹೋಗುವ ಅಣ್ಣನ ಕೈಯಲ್ಲಿ ಕಳಿಸುವ ಯೋಚನೆಯೂ ಬೇಡ, ಅಲ್ಲಿ ಅದು ಅಪರಾಧ.

ಪ್ಯಾಕಿಂಗಿಗೆ ಬಬಲ್ ರ್ಯಾಪ್ ಸಾಕು, ಆದರೆ ನನಗೆ ಅಡಿಕೆ ಹಾಳೆಯೇ ಇಷ್ಟ. ಬಿದ್ದು ಒಣಗಿದ ಹಾಳೆಯನ್ನು 20 ನಿಮಿಷ ನೀರಿನಲ್ಲಿ ನೆನೆಸಿದರೆ ಬಟ್ಟೆಯಂತೆ ಬಾಗುತ್ತದೆ. ಅದನ್ನು ಅದೇ ಅಳತೆಯ ಖಾಲಿ ಬಾಟಲಿಗೆ ಸುತ್ತಿ, ತಳದಲ್ಲಿ ನಾಲ್ಕು ಬೆರಳು ಮಡಚಿ, ಬಾಳೆನಾರಿನಲ್ಲೋ ಸುತಳಿಯಲ್ಲೋ ಬಿಗಿದು ಎರಡು ದಿನ ಬಿಸಿಲಿಗಿಡುವುದು. ಒಣಗಿದ ಮೇಲೆ ಗಟ್ಟಿ ಚಿಪ್ಪು. ಖಾಲಿ ಬಾಟಲಿ ತೆಗೆದು ತುಂಬಿದ್ದನ್ನು ಜಿಪ್ ಕವರಿನಲ್ಲಿ ಹಾಕಿ ಅದರೊಳಗಿಳಿಸಿದರೆ ಚೀಲ ಎಸೆದರೂ ಮೊದಲ ಪೆಟ್ಟನ್ನು ಹಾಳೆಯೇ ತಿನ್ನುತ್ತದೆ. ಹಾಳೆ ಅರೆ ಒಣಗಿದ್ದರೆ ಎರಡೇ ದಿನಕ್ಕೆ ಬೂಷ್ಟು, ಲೇಬಲ್ಲೂ ಹೋಗುತ್ತದೆ. ಮಳೆಗಾಲದಲ್ಲಿ ಈ ಉಪಾಯ ಬಿಟ್ಟು ಹಳೆ ಲುಂಗಿ ಸುತ್ತಿ. ಸೂಟ್‌ಕೇಸಿನ ಮಧ್ಯದಲ್ಲಿ, ಸುತ್ತ ಮೂರು ಬೆರಳಿನಷ್ಟು ಬಟ್ಟೆ ಇರುವಂತೆ ಇಡಬೇಕು, ಗಾಲಿಯ ಬದಿಗೆ ತಾಗಬಾರದು.

ಏಪ್ರಿಲ್, ಮೇಯಲ್ಲಿ ಕಾರಿನಲ್ಲಿ ಹೋಗುವವರು ಬಾಟಲಿಯನ್ನು ಡಿಕ್ಕಿಗೆ ಹಾಕದೆ ಹಿಂದಿನ ಸೀಟಿನ ಕೆಳಗೆ ಮಲಗಿಸಿ, ಊಟಕ್ಕೆ ಇಳಿದಾಗ ಚೀಲ ಸಮೇತ ಒಳಗೆ ಒಯ್ಯಿರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಬಿಸಿ 50 ಡಿಗ್ರಿ ದಾಟುತ್ತದೆ, ಹಾಗೇ ಬಿಟ್ಟರೆ ಹಲಸಿನ ಪರಿಮಳ ಬೇಯಿಸಿದ ಜಾಮಿನಂತಾಗುತ್ತದೆ. ರಾತ್ರಿ ಬಸ್ಸು ಎಲ್ಲಕ್ಕಿಂತ ಒಳ್ಳೆಯದು, ಲಗೇಜ್ ಡಿಕ್ಕಿಗೆ ಹಾಕದೆ ಕಾಲಬುಡದಲ್ಲಿಟ್ಟುಕೊಂಡರೆ.

ಮನೆ ಸೇರಿದ ಮೇಲೆ ಒಂದು ವಾರ ಕತ್ತಲಲ್ಲಿ ಇಟ್ಟು, ಕುಡಿಯುವ ದಿನ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ನೇರಳೆ ವೈನ್ ಕೋಳಿ ಘೀ ರೋಸ್ಟ್ ಜೊತೆ ಹೊಂದುತ್ತದೆ, ಸಿಹಿ ಪುನರ್ಪುಳಿ ಬಿಸಿ ಗೋಳಿಬಜೆಯ ಜೊತೆ. ಒಮ್ಮೆ ತೆರೆದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಬೇಕು. ಉಳಿದು ಹುಳಿಯತೊಡಗಿದರೆ ಬಾಯಿಗೆ ತೆಳು ಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿಟ್ಟು ವಿನೆಗರ್ ಮಾಡಿಕೊಂಡು ಹಂದಿ ಬಾಫತ್‌ಗೆ ಬಳಸಬಹುದು. 202, 224 ಎರಡೂ ಇರುವ ಬಾಟಲಿಯಲ್ಲಿ ಮಾತ್ರ ಇದು ಸುಲಭಕ್ಕೆ ಆಗುವುದಿಲ್ಲ, ತಿಂಗಳು ಕಾದರೂ ಹಳಸಿದ ವೈನೇ ಉಳಿಯುತ್ತದೆ.