ಕುಡಿದ ನೀರಿನ ಗುರುತು ಕೂದಲಲ್ಲಿ: ಮಾದರಿ ತೆಗೆಯುವ ಬಗೆ

ಬೆಳಗಾವಿಯ ನಲ್ಲಿಗಳಿಗೆ ರಾಕಸಕೊಪ್ಪದ ನೀರೂ ಬರುತ್ತದೆ, ಹಿಡಕಲ್ ಜಲಾಶಯದ ನೀರೂ ಬರುತ್ತದೆ. ವಿಜಯಪುರಕ್ಕೆ ಕೃಷ್ಣೆಯೂ ಉಂಟು, ಭೂತನಾಳ ಕೆರೆಯೂ ಉಂಟು. ಮೂಲ ಬೇರೆಯಾದರೆ ನೀರಿನಲ್ಲಿರುವ ಭಾರದ ಹೈಡ್ರೋಜನ್ (ಡ್ಯೂಟೀರಿಯಂ) ಮತ್ತು ಭಾರದ ಆಕ್ಸಿಜನ್ (ಆಕ್ಸಿಜನ್-18) ಪ್ರಮಾಣವೂ ತುಸು ಬೇರೆಯಾಗಬಹುದು. ಬಿಸಿಲಿಗೆ ಹಗುರ ಅಣುಗಳು ಮೊದಲು ಆವಿಯಾಗಿ ಹೋಗುತ್ತವೆ. ಹಾಗಾಗಿ ಬೇಸಿಗೆಯ ಕೆರೆನೀರು ‘ಭಾರ’ವಾಗುತ್ತದೆ, ಆಳದ ಬೋರ್‌ವೆಲ್ ನೀರು ಅಷ್ಟು ಏರಿಳಿಯದು. ಈ ಗುರುತು ಕೂದಲನ್ನು ಕಟ್ಟುವ ಪ್ರೋಟೀನಾದ ಕೆರಾಟಿನ್‌ಗೆ ಇಳಿಯುತ್ತದೆ. ಹಾಗಾಗಿ ಯಾರು ಯಾವಾಗ ಯಾವ ನೀರು ಕುಡಿದರೆಂದು ಕೂದಲಿನಿಂದ ಅಂದಾಜು ಮಾಡಬಹುದು.

ಮೊದಲು ನೀರು. 30 ಮಿ.ಲೀ. ಬಾಟಲಿಯನ್ನು ಕಂಠಮಟ್ಟ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಬಿಗಿಯಾಗಿ ಮುಚ್ಚಿ. ನಲ್ಲಿಯ ನೀರಷ್ಟೇ ಸಾಲದು, ಮನೆಯವರು ಕುಡಿಯುವ ಗಡಿಗೆಯ ನೀರೂ ಬೇಕು; ಮಣ್ಣಿನ ಗಡಿಗೆ ಬೆವರಿ ತಂಪಾಗುವಾಗಲೂ ಹಗುರ ಅಣುಗಳು ಹೋಗುತ್ತಿರುತ್ತವೆ. ಊರಿನ ಆರ್‌ಒ ಘಟಕದ ನೀರಾದರೆ ಅದರ ಬೋರ್‌ವೆಲ್ ಎಲ್ಲಿದೆ ಎಂದು ಬರೆದುಕೊಳ್ಳಿ. ಆರ್‌ಒ ಲವಣ ತೆಗೆಯುತ್ತದೆಯೇ ಹೊರತು ಈ ಗುರುತನ್ನು ಹೆಚ್ಚೇನೂ ಬದಲಿಸದು.

ಹೆಚ್ಚಿನವರು ಕೆಡಿಸುವುದು ಕೂದಲು ಕತ್ತರಿಸುವಾಗ. ಕಟಿಂಗ್ ಅಂಗಡಿಯ ನೆಲ ಗುಡಿಸಿ ತಂದ ಕೂದಲಿನಲ್ಲಿ ಬುಡ ಯಾವುದು, ತುದಿ ಯಾವುದು ತಿಳಿಯದು, ಯಾರು ಯಾವ ನೀರು ಕುಡಿದವರೋ ಅದೂ ತಿಳಿಯದು. ಒಪ್ಪಿಗೆ ಪತ್ರ ಬರೆಸಿಕೊಂಡು, ತಲೆಯ ಹಿಂಭಾಗದಿಂದ, ನೆತ್ತಿಗೆ ತುಸು ಕೆಳಗೆ, 20–30 ಎಳೆಗಳನ್ನು ಹಿಡಿಯಿರಿ. ಅಲ್ಲಿ ಬೆಳವಣಿಗೆ ಹೆಚ್ಚು ಸಮ. ಕತ್ತರಿ ಇಡುವ ಮೊದಲೇ ಬುಡದ ಹತ್ತಿರ ಹತ್ತಿಯ ದಾರ ಬಿಗಿಯಬೇಕು. ಕತ್ತರಿಸಿದ ಮೇಲೆ ಕಟ್ಟುವವರು ಎಳೆಗಳನ್ನು ಹಿಂದುಮುಂದು ಮಾಡಿಯೇ ಮಾಡುತ್ತಾರೆ. ಚರ್ಮಕ್ಕೆ ತಾಗಿಸಿ ಕತ್ತರಿಸಿ, ಎಳೆಗಳನ್ನು ಕಾಗದದ ಮೇಲೆ ನೇರ ಮಲಗಿಸಿ ಅಂಟಿಸಿ, ‘ಬುಡ’ ಎಂದು ಬರೆದು ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ: ಎಳೆಗಳು ಅದಕ್ಕೆ ಅಂಟಿಕೊಂಡು ಚದುರುತ್ತವೆ, ತೇವವೂ ಒಳಗೇ ನಿಲ್ಲುತ್ತದೆ.

ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. 12 ಸೆಂ.ಮೀ. ಎಂದರೆ ಹೆಚ್ಚುಕಡಿಮೆ ಒಂದು ವರ್ಷ. ಆದರೆ ಹತ್ತರಲ್ಲಿ ಒಂದೆರಡು ಎಳೆ ಬೆಳೆಯದೆ ವಿಶ್ರಾಂತಿಯಲ್ಲಿರುತ್ತವೆ. ಹಾಗಾಗಿ ತಿಂಗಳ ಗಡಿ ಕೊಂಚ ಮಸುಕು. ಚರ್ಮದೊಳಗೆ ಉಳಿದ ಬುಡದಲ್ಲಿ ಕಳೆದ ಒಂದೆರಡು ವಾರದ ಲೆಕ್ಕವಿರುತ್ತದೆ, ಅದು ನಿಮ್ಮ ಕೈಗೆ ಸಿಗದು. ಬ್ಲೀಚ್ ಮಾಡಿದ, ಬಣ್ಣ ಹಚ್ಚಿದ ಕೂದಲನ್ನು ಬಿಟ್ಟುಬಿಡಿ.

ನಮ್ಮಲ್ಲಿ ಕೊಬ್ಬರಿ ಎಣ್ಣೆ ಹಚ್ಚದ ತಲೆ ಅಪರೂಪ. ಎಣ್ಣೆಯ ಹೈಡ್ರೋಜನ್‌ನಲ್ಲಿ ಡ್ಯೂಟೀರಿಯಂ ಬಹಳ ಕಡಿಮೆ, ಸ್ವಲ್ಪ ಉಳಿದರೂ ಫಲಿತಾಂಶವನ್ನು ಕೆಳಗೆ ಎಳೆಯುತ್ತದೆ. ಶಾಂಪೂ ತೊಳೆತ ಇದಕ್ಕೆ ಸಾಲದು. ಪ್ರಯೋಗಾಲಯದ ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೆ ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು ಬೆರೆಸಿ ಎರಡು ಬಾರಿ ತೊಳೆದು ಒಣಗಿಸಬೇಕು. ಮನೆಯಲ್ಲಿ, ತರಗತಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಪುಡಿ ಮಾಡಿ ಸುಮಾರು 150 ಮೈಕ್ರೋಗ್ರಾಂ ತೂಗಿ ಬೆಳ್ಳಿಯ ಕ್ಯಾಪ್ಸೂಲಿಗೆ ತುಂಬುವುದು, 1400 ಡಿಗ್ರಿಯ ಕುಲುಮೆ, ಭಾರದ, ಹಗುರದ ಪರಮಾಣುಗಳನ್ನು ಬೇರೆಬೇರೆಯಾಗಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎಲ್ಲವೂ ಪ್ರಯೋಗಾಲಯದವರ ಕೆಲಸ. ನೀವು ಕೇಳಬೇಕಾದದ್ದು ಒಂದೇ: ಮಾನಕ ಕೂದಲನ್ನೂ (ಅಳತೆ ಮೊದಲೇ ಗೊತ್ತಿರುವ, ಹೋಲಿಕೆಗೆ ಇಡುವ ಕೂದಲು) ನಿಮ್ಮ ಮಾದರಿಯನ್ನೂ ಒಂದೇ ತಟ್ಟೆಯಲ್ಲಿ, ಒಂದೇ ಗಾಳಿಯಲ್ಲಿ, ಕನಿಷ್ಠ ಐದಾರು ದಿನ ಇಟ್ಟು, ಒಟ್ಟಿಗೇ ಒಣಗಿಸಿದಿರಾ? ಕೂದಲಿನ ಹೈಡ್ರೋಜನ್‌ನಲ್ಲಿ ಸುಮಾರು ಹತ್ತನೇ ಒಂದು ಪಾಲು ಗಾಳಿಯ ತೇವದೊಂದಿಗೆ ಅದಲು ಬದಲಾಗುತ್ತಲೇ ಇರುತ್ತದೆ. ಮೇ ತಿಂಗಳ ವಿಜಯಪುರದ ಗಾಳಿಗೂ ಜುಲೈನ ಬೆಳಗಾವಿಯ ಗಾಳಿಗೂ ಎಷ್ಟು ಅಂತರ! ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ (ಯುಎಸ್‌ಜಿಎಸ್) ಯುಎಸ್‌ಜಿಎಸ್-43 ಎಂಬ ಮಾನಕ ಭಾರತದ ಕೂದಲಿನಿಂದಲೇ ಆದದ್ದು, ಯುಎಸ್‌ಜಿಎಸ್-42 ಟಿಬೆಟ್‌ನದು. ಎರಡನ್ನೂ ಬಳಸಿದ ವರದಿಯನ್ನೇ ಪಡೆಯಿರಿ.

2008ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಂಡ ಅಮೆರಿಕದ ಕೂದಲು–ನೀರಿನ ಸಂಬಂಧಕ್ಕೆ ಸೂತ್ರ ಕಟ್ಟಿತು. ಅದನ್ನು ಇಲ್ಲಿಗೆ ಹಾಗೆಯೇ ಹಚ್ಚಬೇಡಿ. ಕೂದಲಿನ ಹೈಡ್ರೋಜನ್‌ನಲ್ಲಿ ಕುಡಿಯುವ ನೀರಿನ ಪಾಲು ಮೂರರಲ್ಲಿ ಒಂದರಷ್ಟೇ, ಉಳಿದದ್ದು ಊಟದ್ದು. ಅಲ್ಲಿನವರು ದೇಶದಾದ್ಯಂತ ಒಂದೇ ಬಗೆಯ ಸೂಪರ್‌ಮಾರ್ಕೆಟ್ ಆಹಾರ ಉಣ್ಣುತ್ತಾರೆ; ನಮ್ಮ ಜೋಳ, ಹಾಲು, ಕಾಯಿಪಲ್ಲೆ ಬಹುಪಾಲು ಇಲ್ಲಿಯ ನೀರನ್ನೇ ಕುಡಿದು ಬೆಳೆದವು. ಆದ್ದರಿಂದ ಒಂದು ವರ್ಷ ಊರು ಬಿಟ್ಟು ಹೋಗದವರನ್ನು ಆರಿಸಿ, ಅವರ ಕೂದಲು, ಅವರ ನೀರು ಎರಡನ್ನೂ ಜೋಡಿಯಾಗಿ ಅಳೆಯಿಸಿ. ಕಬ್ಬು ಕಡಿಯಲು, ಗೋವಾಕ್ಕೆ ದುಡಿಯಲು ಹೋಗಿ ಬಂದವರ ಕೂದಲನ್ನು ಆಮೇಲೆ ಆ ಜೋಡಿಗಳ ಪಕ್ಕಕ್ಕಿಟ್ಟು ಓದಿ.