ಕೊಡಗಿನಲ್ಲಿ ನೆಲೆಸಲು ಬರುವವರಿಗೆ: ಊರು ಆರಿಸುವುದು ಹೇಗೆ, ಬ್ರೋಕರ್‌ನ ಮಾತನ್ನು ಎಷ್ಟು ನಂಬುವುದು

ಕೊಡಗಿಗೆ ಮನೆ, ಜಾಗ ನೋಡಲು ಬರುವವರಲ್ಲಿ ಹೆಚ್ಚಿನವರು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಬರುತ್ತಾರೆ. ಆಗ ರಸ್ತೆ ಒಣಗಿರುತ್ತದೆ, ಕೊಲ್ಲಿಗಳಲ್ಲಿ (ಸಣ್ಣ ತೊರೆಗಳಲ್ಲಿ) ನೀರು ಇಳಿದಿರುತ್ತದೆ, ಯಾವ ಜಾಗ ನೋಡಿದರೂ ಇದೇ ಆಗಬಹುದು ಅನಿಸುತ್ತದೆ. ಆದರೆ ಇಲ್ಲಿನ ಒಂದು ಜಾಗ ವಾಸಕ್ಕೆ ಆಗುತ್ತದೋ ಇಲ್ಲವೋ ಗೊತ್ತಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ. ಹಾಗಾಗಿ ಮೊದಲ ವರ್ಷ ಬಾಡಿಗೆಗೆ ಇರಿ. ಒಂದು ಮಳೆಗಾಲ ಪೂರ್ತಿ ಕಳೆಯಲಿ, ಆಮೇಲೆ ಕೊಳ್ಳುವ ಮಾತು. ಹನ್ನೆರಡು ತಿಂಗಳ ಬಾಡಿಗೆ ದಂಡ ಅನಿಸಬಹುದು, ಆದರೆ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಕುಸಿಯುವ ಜಾಗಕ್ಕೆ ಸುರಿಯುವ ದುಡ್ಡಿನ ಮುಂದೆ ಅದು ಏನೂ ಅಲ್ಲ. ಒಂದು ವರ್ಷ ಕಾಯಲು ಸಾಧ್ಯವೇ ಇಲ್ಲದಿದ್ದರೆ, ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರದಲ್ಲಾದರೂ ಒಮ್ಮೆ ಬಂದು ಅದೇ ಜಾಗದಲ್ಲಿ ಕೊಡೆ ಹಿಡಿದು ನಿಂತು ನೋಡಿ.

ಯಾವ ಊರು

ಕೊಡಗು ಚಿಕ್ಕ ಜಿಲ್ಲೆ, ಆದರೆ ಊರಿಂದ ಊರಿಗೆ ಹವೆ ಪೂರ್ತಿ ಬೇರೆ. ಇಲ್ಲಿನವರು ಮಳೆಯನ್ನು ಇಂಚಿನಲ್ಲಿ ಲೆಕ್ಕ ಹಾಕುತ್ತಾರೆ. ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚಿನ ಆಸುಪಾಸು ಬಿದ್ದರೆ, 30 ಕಿ.ಮೀ. ದೂರದ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಭಾಗಮಂಡಲದ ಕಡೆ 200 ಇಂಚು ದಾಟುವುದು ಹೊಸತಲ್ಲ. ಬಟ್ಟೆ ಒಣಗುವುದು, ಗೋಡೆಗೆ ಬೂಷ್ಟು ಹಿಡಿಯುವುದು, ಕರೆಂಟು ಹೋಗುವುದು, ಮಕ್ಕಳ ಶಾಲೆಗೆ ರಜೆ ಕೊಡುವುದು ಎಲ್ಲವೂ ಈ ಲೆಕ್ಕದ ಮೇಲೆಯೇ.

ಮನೆಯಲ್ಲಿ ವಯಸ್ಸಾದವರಿದ್ದರೆ, ಆಗಾಗ ಆಸ್ಪತ್ರೆಗೆ ಹೋಗುವವರಿದ್ದರೆ ಕುಶಾಲನಗರವನ್ನು ಮೊದಲು ನೋಡಿ. ನೆಲ ಸಮತಟ್ಟು, ಮಳೆ ಕಡಿಮೆ, ಮೈಸೂರಿಗೆ ನೇರ ರಸ್ತೆ. ಮಡಿಕೇರಿಯಲ್ಲಿ ಜಿಲ್ಲಾಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜು ಇವೆ, ಆದರೆ ದೊಡ್ಡ ಕಾಯಿಲೆಗೆ ಇಂದಿಗೂ ಜನ ಮೈಸೂರು ಅಥವಾ ಮಂಗಳೂರಿಗೇ ಓಡುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು. 2018ರಲ್ಲಿ ಆ ರಸ್ತೆ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತು. ಮಡಿಕೇರಿಯ ದಾರಿಗಳಲ್ಲಿ ಏರು ಹೆಚ್ಚು, ಮಂಡಿನೋವಿನವರಿಗೆ ಕಷ್ಟ. ಕಚೇರಿ ಕೆಲಸದವರಿಗೆ, ಚಳಿ ಮತ್ತು ಮಂಜು ಇಷ್ಟಪಡುವವರಿಗೆ ಅದೇ ಸರಿ. ಆದರೆ ಒಳ್ಳೆಯ ಮನೆಗಳಲ್ಲಿ ಅನೇಕವು ಹೋಂಸ್ಟೇ ಆಗಿರುವುದರಿಂದ ಬಾಡಿಗೆಗೆ ಸಿಗುವುದು ಕಡಿಮೆ, ಸಿಕ್ಕರೆ ದುಬಾರಿ.

ಗೋಣಿಕೊಪ್ಪ ಮತ್ತು ಪೊನ್ನಂಪೇಟೆ ಅಕ್ಕಪಕ್ಕದ ಊರುಗಳು. ಅರಣ್ಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಒಳ್ಳೆಯ ಮಾರುಕಟ್ಟೆ ಅಲ್ಲಿವೆ. ಹೊಸಬರು ಈ ಕಡೆಯನ್ನು ಕಡೆಗಣಿಸುತ್ತಾರೆ, ಹಾಗೆ ಮಾಡಬಾರದು. ವಿರಾಜಪೇಟೆಯಿಂದ ಮಾಕುಟ್ಟ ದಾರಿಯಲ್ಲಿ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ಆದರೆ ಆ ಘಾಟಿಯೂ ಮಳೆಗೆ ಕುಸಿಯುವಂಥದ್ದೇ. ಸೋಮವಾರಪೇಟೆ, ಸುಂಟಿಕೊಪ್ಪ ಶಾಂತ ಊರುಗಳು. ಜಿಲ್ಲೆಯಲ್ಲಿ ಎಲ್ಲಿಯೂ ರೈಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಡಾವಣೆಯಲ್ಲಿ ನಡೆದು ನೋಡುವುದು

ಊರು ಗೊತ್ತಾದ ಮೇಲೆ ಬೀದಿ ಆರಿಸಬೇಕು. ಇಲ್ಲಿ ಎರಡು ಅಪಾಯಗಳಿವೆ: ಎತ್ತರದಲ್ಲಿ ಬರೆ, ತಗ್ಗಿನಲ್ಲಿ ಹೊಳೆ.

ಬರೆಯ ವಿಷಯ ಮೊದಲು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿದವು. ಮಡಿಕೇರಿ ಪೇಟೆಯೊಳಗೆ ಇಂದಿರಾ ನಗರ, ಚಾಮುಂಡೇಶ್ವರಿ ನಗರದಲ್ಲಿ ಮನೆಗಳು ಹೋದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ, ಅದರ ಮರುವರ್ಷ ತಲಕಾವೇರಿಯ ಬೆಟ್ಟ. ಬೆಟ್ಟದ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಒಂದು ಕಾರಣ ಎಂದು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಹೇಳಿದ್ದಾರೆ. ಆ ಕಡಿತ ನಡೆಯುವುದು ಹೀಗೆ: ಜೆಸಿಬಿ ತಂದು ಇಳಿಜಾರಿನ ಮೇಲ್ಭಾಗವನ್ನು ಕಡಿದು, ಅದೇ ಮಣ್ಣನ್ನು ಕೆಳಗೆ ತಳ್ಳಿ ಸಮತಟ್ಟು ಮಾಡುತ್ತಾರೆ. ಮನೆಯ ಹಿಂದಿನ ಅರ್ಧ ಗಟ್ಟಿ ನೆಲದ ಮೇಲೆ, ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲೆ ನಿಲ್ಲುತ್ತದೆ. ನಾಲ್ಕು ಮಳೆ ಕಂಡ ಮೇಲೆ ಮುಂದಿನ ಭಾಗ ಕುಗ್ಗಿ, ಮನೆಯ ನಡುವೆ ಬಿರುಕು ಬಿಡುತ್ತದೆ. ಹಿಂದಿನ ಬರೆಯಂತೂ ಯಾವಾಗ ಬೇಕಾದರೂ ಅಡುಗೆಮನೆಯೊಳಗೆ ಬರಬಹುದು.

ಅದಕ್ಕೆ ಮನೆ ನೋಡುವಾಗ ಹಾಲ್‌ಗೆ ಹೋಗುವ ಮೊದಲು ಹಿತ್ತಿಲಿಗೆ ಹೋಗಿ. ಬರೆ ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ? ಬರೆ 15 ಅಡಿ ಎತ್ತರವಿದ್ದರೆ ಮನೆಯ ಹಿಂಗೋಡೆ ಕಡಿಮೆಯೆಂದರೂ 15 ಅಡಿ ದೂರ ಇರಬೇಕು ಎಂಬುದು ನಾವು ಹಿಡಿಯುವ ಅಳತೆ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ಪೈಪುಗಳಿವೆಯೇ ನೋಡಿ. ಪೈಪಿಲ್ಲದ ಗೋಡೆಯ ಹಿಂದೆ ನೀರು ನಿಂತು, ಗೋಡೆಯೇ ಹೊಟ್ಟೆ ಬಿಟ್ಟುಕೊಂಡು ಮುಂದೆ ವಾಲುತ್ತದೆ. ಪೈಪಿದ್ದೂ ಮಳೆಗಾಲದಲ್ಲಿ ಒಣಗಿದ್ದರೆ ಅದು ಕಟ್ಟಿಕೊಂಡಿದೆ ಎಂದರ್ಥ. ಬರೆಯ ತಲೆಯ ಮೇಲೆ ನೆಲದಲ್ಲಿ ಉದ್ದ ಬಿರುಕು, ವಾಲಿದ ಮರ ಅಥವಾ ಕಂಬ, ಹಿಂದೆಂದೂ ಇಲ್ಲದ ಕಡೆ ಜಿನುಗುವ ಕೆಸರು ನೀರು, ಇವುಗಳಲ್ಲಿ ಒಂದು ಕಂಡರೂ ಆ ಮನೆ ಬಿಟ್ಟುಬಿಡಿ. ಬರೆಗೆ ನೀಲಿ ಟಾರ್ಪಾಲು ಹೊದಿಸಿದ್ದರೆ ಅದು ಒಮ್ಮೆ ಜಾರಿದ ಬರೆ.

ಇನ್ನು ಹೊಳೆ. ಕುಶಾಲನಗರದಲ್ಲಿ 2018, 2019ರಲ್ಲಿ ಕಾವೇರಿ ಉಕ್ಕಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನೀರು ನುಗ್ಗಿತು. ಸಿದ್ದಾಪುರದ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯಲ್ಲಿ ಮನೆಗಳೇ ಹೋದವು. ನೀರು ಬಂದ ಮನೆ ತನ್ನ ಗುರುತನ್ನು ಪೂರ್ತಿ ಅಳಿಸಿಕೊಳ್ಳುವುದಿಲ್ಲ. ಗೋಡೆಯ ಕೆಳಗಿನ ಮೂರು ನಾಲ್ಕು ಅಡಿಗೆ ಮಾತ್ರ ಹೊಸ ಬಣ್ಣ, ಬಾಗಿಲ ಚೌಕಟ್ಟಿನ ಬುಡ ಉಬ್ಬಿರುವುದು, ಪ್ಲಗ್ ಪಾಯಿಂಟುಗಳನ್ನು ಎದೆಯೆತ್ತರಕ್ಕೆ ಏರಿಸಿರುವುದು, ಕಾಂಪೌಂಡಿನ ಹೊರಬದಿಯಲ್ಲಿ ಒಂದೇ ಮಟ್ಟದ ಕಂದು ಗೆರೆ. ಮನೆಯ ಒಳಗೆ ಬಣ್ಣ ಬಳಿದವರು ಕಾಂಪೌಂಡಿನ ಹೊರಬದಿಯನ್ನು, ಹಿತ್ತಿಲಿನ ಕಕ್ಕಸನ್ನು ಸಾಮಾನ್ಯವಾಗಿ ಹಾಗೇ ಬಿಟ್ಟಿರುತ್ತಾರೆ, ಅಲ್ಲಿ ನೋಡಿ. ಪಕ್ಕದ ಅಂಗಡಿಯಲ್ಲಿ ಒಂದು ಚಹಾ ಕುಡಿದು, “ಅಣ್ಣಾ, ಹೋದ ಸಲ ನೀರು ಎಲ್ಲಿವರೆಗೆ ಬಂದಿತ್ತು?” ಎಂದು ಕೇಳಿ. “ಬಂದಿತ್ತಾ?” ಎಂದು ಕೇಳಿದರೆ ಇಲ್ಲ ಎಂದು ಸುಮ್ಮನಾಗುತ್ತಾರೆ. “ಎಲ್ಲಿವರೆಗೆ” ಎಂದರೆ ಕೈಯಲ್ಲೇ ಎತ್ತರ ತೋರಿಸುತ್ತಾರೆ.

ಉಳಿದವು ಬೇಗ ಹೇಳಿಬಿಡಬಹುದು. ನೀರಿನ ಬಗ್ಗೆ ಮಾರ್ಚ್, ಏಪ್ರಿಲ್ ಲೆಕ್ಕ ಕೇಳಿ: ನಲ್ಲಿ ಎಷ್ಟು ದಿನಕ್ಕೊಮ್ಮೆ, ಬಾವಿ ಬತ್ತುತ್ತದೆಯೇ. ಅಷ್ಟು ಮಳೆಯ ಊರಿನಲ್ಲಿ ಬೇಸಿಗೆಗೆ ಟ್ಯಾಂಕರ್ ತರಿಸುವ ಬೀದಿಗಳಿವೆ. ಪೇಟೆಯಿಂದ ಒಳಗೆ ಹೋದರೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ, ಟವರಿನ ಬ್ಯಾಟರಿ ಮುಗಿದ ಕೂಡಲೇ ನೆಟ್‌ವರ್ಕ್ ಕೂಡ. ಮನೆಯಿಂದಲೇ ಕೆಲಸ ಮಾಡುವವರು ಫೈಬರ್ ಲೈನ್ ಮನೆ ಬಾಗಿಲಿಗೆ ಬಂದಿದೆಯೇ ನೋಡದೆ ಅಡ್ವಾನ್ಸ್ ಕೊಡಬಾರದು. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಬಾಳೆಲೆ ಸುತ್ತ ತೋಟದ ನಡುವಿನ ಮನೆಯಾದರೆ ಆನೆ ಓಡಾಡುವ ದಾರಿ ಎಲ್ಲಿ ಎಂದು ತೋಟದ ಕಾರ್ಮಿಕರನ್ನೇ ಕೇಳಿ. ಬೆಳಗಿನ ಆರಕ್ಕೆ ಶಾಲೆ ಬಸ್ಸಿಗೆ ಮಗು ಒಂಟಿಯಾಗಿ ನಡೆಯಬೇಕಾದ ದಾರಿಯಾದರೆ ಬೇಡ.

ಬ್ರೋಕರ್

ಇಲ್ಲಿನ ಬ್ರೋಕರ್‌ಗಳಲ್ಲಿ ಹೆಚ್ಚಿನವರಿಗೆ ಕಚೇರಿ, ಬೋರ್ಡು ಇಲ್ಲ. ಅದೇ ದೋಷವಲ್ಲ. ಪೇಟೆಯ ಬಾಡಿಗೆ ಮನೆಯವರು ಬೇರೆ, ಸೈಟಿನವರು ಬೇರೆ, ತೋಟ ಮಾರಿಸುವವರು ಬೇರೆ. ತೋಟದ ಬ್ರೋಕರ್ ಬಾಡಿಗೆ ಮನೆ ತೋರಿಸಿದರೆ ಅವನ ಪರಿಚಯದ ಒಂದೆರಡೇ ತೋರಿಸುತ್ತಾನೆ. ನಿಮ್ಮ ಕೆಲಸಕ್ಕೆ ತಕ್ಕವರನ್ನೇ ಹಿಡಿಯಿರಿ. ಲೇಔಟಿನ ಸೈಟ್ ಮಾರುವವರಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಹೆಸರು ಹುಡುಕಿ. 500 ಚದರ ಮೀಟರ್ ಮೀರಿದ ಲೇಔಟ್ ನೋಂದಣಿ ಆಗಲೇಬೇಕು, ಅದನ್ನು ಮಾರುವ ಏಜೆಂಟ್ ಕೂಡ.

ಒಳ್ಳೆಯ ಬ್ರೋಕರ್‌ನನ್ನು ಗುರುತಿಸಲು ಒಂದು ನೇರ ಪರೀಕ್ಷೆಯಿದೆ. ನಿಮಗೆ ಈಗಾಗಲೇ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ. ನೀರು ಬಂದದ್ದು ಖಚಿತವಾದ ಬೀದಿಯಲ್ಲಿ ನಿಂತು, “ಇಲ್ಲಿಗೆ ಹೊಳೆ ನೀರು ಬರುತ್ತಾ?” ಎನ್ನಿ. “ಬರುತ್ತೆ ಸಾರ್, ಆ ತಿರುವಿನವರೆಗೆ. ಅದಕ್ಕೇ ಈ ಸಾಲಿನ ರೇಟು ಕಡಿಮೆ” ಎನ್ನುವವನ ಜೊತೆ ಮುಂದುವರಿಯಿರಿ. “ಅಯ್ಯೋ, ಇಲ್ಲಿಗೆಲ್ಲ ಎಲ್ಲಿಂದ ಸಾರ್” ಎಂದವನಿಗೆ ನಮಸ್ಕಾರ ಹೇಳಿ. ಎರಡನೆಯದು, ಸರ್ವೆ ನಂಬರ್ ಯಾವಾಗ ಕೊಡುತ್ತಾನೆ ನೋಡಿ. ನೀವು ನೇರ ಓನರ್ ಬಳಿ ಹೋದೀರಿ ಎಂಬ ಭಯಕ್ಕೆ ಮೊದಲ ದಿನ ಕೊಡದಿರುವುದು ಸಹಜ. ಜಾಗ ನೋಡಿ ಒಪ್ಪಿದ ಮೇಲೂ ಕೊಡದಿದ್ದರೆ ಕಾಗದದಲ್ಲಿ ಏನೋ ಇದೆ.

ಕಮಿಷನ್ ಮೊದಲೇ ಮಾತಾಡಿ, ವಾಟ್ಸಾಪಿನಲ್ಲಿ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಬಾಡಿಗೆಗೆ ಒಂದು ತಿಂಗಳ ಬಾಡಿಗೆ, ಮಾರಾಟಕ್ಕೆ ಬೆಲೆಯ ಶೇ 1ರಿಂದ 2 ರೂಢಿ. ಇಬ್ಬರ ಕಡೆಯಿಂದಲೂ ತೆಗೆದುಕೊಳ್ಳುವುದುಂಟು, ಅದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು. ನಷ್ಟ ಆಗುವುದು ಬೇರೆ ಕಡೆ: ಓನರ್ ಸೆಂಟಿಗೆ ಇಷ್ಟು ಎಂದು ಒಂದು ರೇಟ್ ಹೇಳಿರುತ್ತಾನೆ, ಅದರ ಮೇಲೆ ಏರಿಸಿದ್ದೆಲ್ಲ ಬ್ರೋಕರ್‌ಗೆ. ನಡುವೆ ಮೂರು ಜನ ಬ್ರೋಕರ್‌ಗಳಿದ್ದರೆ ರೇಟು ಮೂರು ಮೆಟ್ಟಿಲು ಏರಿರುತ್ತದೆ. ಇದಕ್ಕೆ ಮದ್ದು ಒಂದೇ, ಅಡ್ವಾನ್ಸಿಗೆ ಮೊದಲು ಓನರ್ ಜೊತೆ ಎದುರೆದುರು ಕೂತು ಬೆಲೆ ಮಾತಾಡುವುದು. ಓನರ್ ವಿದೇಶದಲ್ಲಿದ್ದರೆ ವಿಡಿಯೋ ಕರೆಯಾದರೂ ಆಗಲಿ. ರೇಟು ಹೋಲಿಸುವಾಗ ಅಳತೆಯಲ್ಲಿ ಎಡವಬೇಡಿ: ಇಲ್ಲಿ ಮಾತು ಸೆಂಟಿನಲ್ಲಿ. ಒಂದು ಸೆಂಟ್ ಎಂದರೆ 435.6 ಚದರಡಿ, ಎರಡೂವರೆ ಸೆಂಟಿಗೆ ಒಂದು ಗುಂಟೆ.

ಬ್ರೋಕರ್‌ನ ಕೆಲಸ ತೋರಿಸುವುದು, ಕೂಡಿಸುವುದು. ಕಾಗದ ಸರಿಯಿದೆ ಎಂದು ಹೇಳುವ ಕೆಲಸ ಅವನದಲ್ಲ. ಅದಕ್ಕೆ ಕೊಡಗಿನ ಕಂದಾಯ ಪದ್ಧತಿ ಗೊತ್ತಿರುವ ವಕೀಲರು ಬೇಕು, ಬೆಂಗಳೂರಿನವರು ಸಾಲದು. ಬ್ರೋಕರ್ ಸೂಚಿಸಿದ ವಕೀಲರೂ ಬೇಡ.

ಕೊಳ್ಳುವುದಾದರೆ ಕಾಗದ

ಬೇರೆ ಜಿಲ್ಲೆಯ ಪಹಣಿ ಓದಿ ಅಭ್ಯಾಸವಿದ್ದವರೂ ಇಲ್ಲಿ ತಡವರಿಸುತ್ತಾರೆ. ಸಾಗು ಜಾಗ ಪೂರ್ತಿ ಕಂದಾಯ ಕಟ್ಟುವ ಜಾಗ, ಹೋಲಿಕೆಯಲ್ಲಿ ಸುಲಭ. ಜಮ್ಮಾ ಜಾಗ ಒಕ್ಕದ್ದು, ಅಂದರೆ ಇಡೀ ಮನೆತನದ್ದು; ಪಟ್ಟೇದಾರರ (ಮನೆತನದ ಹಿರಿಯರ) ಹೆಸರಿನ ಜೊತೆ ಕುಟುಂಬದ ಅನೇಕರ ಹೆಸರಿರುತ್ತದೆ, ತೀರಿಕೊಂಡವರದ್ದೂ ಇರಬಹುದು. ಒಬ್ಬರು “ನನ್ನ ಪಾಲು” ಎಂದು ಮಾರಿ, ಆಮೇಲೆ ಉಳಿದವರು ಕೋರ್ಟಿಗೆ ಹೋಗುವುದು ಇಲ್ಲಿನ ಹಳೆಯ ಕತೆ. ವಂಶವೃಕ್ಷ, ನೋಂದಾಯಿತ ವಿಭಾಗ ಪತ್ರ, ಹೆಣ್ಣುಮಕ್ಕಳೂ ಸೇರಿ ಎಲ್ಲರ ಸಹಿ ಇಲ್ಲದೆ ಜಮ್ಮಾ ಜಾಗಕ್ಕೆ ದುಡ್ಡು ಕೊಡಬೇಡಿ. ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಾಗ) ಎಂದಿದ್ದರೆ ಅದು ರಿಡೀಮ್ಡ್ ಆಗಿದೆಯೋ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದೋ, ಅನ್‌ರಿಡೀಮ್ಡೋ ಕೇಳಿ. ಅನ್‌ರಿಡೀಮ್ಡ್ ಆದರೆ ಮರದ ಹಕ್ಕು ಪೂರ್ತಿ ನಿಮ್ಮದಾಗುವುದಿಲ್ಲ. ಪೈಸಾರಿ ಸರ್ಕಾರಿ ಜಾಗ. ಅದರಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಮಾರಾಟ ನಿರ್ಬಂಧದ ಷರತ್ತು ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಖರೀದಿ ನಿಲ್ಲುವುದಿಲ್ಲ.

2020ರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಜಾಗದಲ್ಲಿ ಮನೆ ಕಟ್ಟಲು ಸಾಮಾನ್ಯವಾಗಿ ಭೂ ಪರಿವರ್ತನೆ (ಕೃಷಿಯೇತರ ಬಳಕೆಗೆ ಅನುಮತಿ) ಬೇಕು. ಗದ್ದೆ ತೋರಿಸಿ “ಕನ್ವರ್ಷನ್ ನಾನು ಮಾಡಿಸಿಕೊಡುತ್ತೇನೆ” ಎಂದರೆ, ಆದೇಶ ಕೈಗೆ ಬಂದ ಮೇಲೆ ಮಾತಾಡೋಣ ಎನ್ನಿ. ಪಂಚಾಯ್ತಿ ಸೈಟಿಗೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ (ನಿಯಮದಂತೆ ಮಂಜೂರಾಗದ ಆಸ್ತಿಯದು) ತೋರಿಸಿದರೆ ಬ್ಯಾಂಕ್ ಸಾಲಕ್ಕೆ ತೊಡಕು. ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ತುಂಡನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಆಗಿರಬೇಕು. ದಿಶಾಂಕ್ ಆ್ಯಪ್ ತೆರೆದು ಜಾಗದ ನಡುವೆ ನಿಂತರೆ ಸರ್ವೆ ನಂಬರ್ ಕಾಣುತ್ತದೆ. ತೋರಿಸಿದ ಜಾಗ ಒಂದು, ಕಾಗದದ ಜಾಗ ಇನ್ನೊಂದು ಎಂಬುದು ಎಷ್ಟೋ ಸಲ ಅಲ್ಲೇ ಬಯಲಾಗುತ್ತದೆ. ತೋಟದೊಳಗಿನ ಜಾಗಕ್ಕೆ ದಾರಿ ಯಾರದು? “ಎಲ್ಲರೂ ಓಡಾಡ್ತಾರೆ” ಎಂಬುದು ಹಕ್ಕಲ್ಲ, ದಾರಿ ಕ್ರಯಪತ್ರದಲ್ಲೋ ನಕ್ಷೆಯಲ್ಲೋ ಬರೆದಿರಬೇಕು. ಇಸಿ (ಋಣಭಾರ ಪ್ರಮಾಣಪತ್ರ) 30 ವರ್ಷದ್ದು ತೆಗೆಸಿ. ಇತ್ತೀಚಿನದು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ಸಿಗುತ್ತದೆ, ಹಳೆಯದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಾಟ ಎಂದರೆ ಒಪ್ಪಬೇಡಿ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ದುಡ್ಡು ಕೊಡುವ ಕ್ರಮ

ಬಾಡಿಗೆಯಾದರೆ 11 ತಿಂಗಳ ಕರಾರು ಸಾಮಾನ್ಯ, ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಅದರಲ್ಲಿ ಎರಡು ಸಾಲು ಸೇರಿಸಿ: ಬರೆ ಕುಸಿದು ಅಥವಾ ನೀರು ನುಗ್ಗಿ ಮನೆ ಬಿಡಬೇಕಾದರೆ ನೋಟಿಸ್ ಅವಧಿ ಇಲ್ಲದೆ ಅಡ್ವಾನ್ಸ್ ಪೂರ್ತಿ ವಾಪಸ್, ಛಾವಣಿ ಸೋರಿಕೆಯ ರಿಪೇರಿ ಓನರ್‌ದು. ಒಪ್ಪದ ಓನರ್ ಏಕೆ ಒಪ್ಪುತ್ತಿಲ್ಲ ಎಂದು ಯೋಚಿಸಿ.

ಖರೀದಿಯಾದರೆ ಟೋಕನ್ ಹಣವನ್ನು ಬ್ರೋಕರ್ ಕೈಗೆ ಕೊಡಬೇಡಿ, ಓನರ್ ಖಾತೆಗೇ ಹಾಕಿ, ಯಾವ ಸರ್ವೆ ನಂಬರ್, ಎಷ್ಟು ಸೆಂಟ್, ಕಾಗದ ಸರಿಯಿಲ್ಲದಿದ್ದರೆ ಎಷ್ಟು ದಿನದಲ್ಲಿ ವಾಪಸ್ ಎಂದು ರಸೀದಿ ಬರೆಸಿಕೊಳ್ಳಿ. ಬಜೆಟ್ ಮಾಡುವಾಗ ನೋಂದಣಿ ಖರ್ಚು ಸೇರಿಸಿ: ಸಾಮಾನ್ಯ ಕ್ರಯಕ್ಕೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವ ನೋಂದಣಿ ಶುಲ್ಕ. ಒಟ್ಟು ಸುಮಾರು ಶೇ 7.6 ಆಗುತ್ತದೆ. ಬ್ರೋಕರ್‌ಗೆ ಕಮಿಷನ್ ಕೊಡುವುದು ನೋಂದಣಿ ಮುಗಿದ ದಿನ. ಬಾಡಿಗೆಯಾದರೆ ಬೀಗದ ಕೈ ಸಿಕ್ಕ ದಿನ.